ವಿಂಡೋಸ್ ಕೀ ಕಳೆದುಹೋದ್ರೆ ಮೊದಲು ಹುಡುಕಬೇಕಾದ್ದು ಕೀ ಅಲ್ಲ

"ವಿಂಡೋಸ್ ಕೀ ಎಲ್ಲೋ ಕಳೆದೋಗಿದೆ, ಈಗ ನೋಡಿದ್ರೆ ಆಕ್ಟಿವೇಟ್ ಮಾಡು ಅಂತ ಮೂಲೇಲಿ ಬರ್ತಿದೆ, ಏನ್ ಮಾಡ್ಲಿ" ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ. ಆ ವಿಂಡೋಸ್ ನಿಮ್ಮ ಹತ್ರ ಬಂದಿದ್ದು ಹೇಗೆ? ಲ್ಯಾಪ್‌ಟಾಪ್ ಜೊತೆಗೇ ಬಂದಿತ್ತಾ, ದುಡ್ಡು ಕೊಟ್ಟು ಬೇರೆಯಾಗಿ ತಗೊಂಡಿದ್ರಾ, ಹಳೇ ವಿಂಡೋಸ್ 7ರಿಂದ ಫ್ರೀಯಾಗಿ ಅಪ್‌ಗ್ರೇಡ್ ಆಗಿದ್ದಾ, ಇಲ್ಲಾ ಆಫೀಸ್‌ನೋರು ಹಾಕ್ಕೊಟ್ಟಿದ್ದಾ? ಈ ಪ್ರಶ್ನೆ ಕೇಳಿದ್ರೆ ಸುಮಾರು ಜನಕ್ಕೆ ಬೇಜಾರು, ಅವರಿಗೆ ಬೇಕಿರೋದು ಒಂದು ಕೀ ಅಷ್ಟೆ, ಇತಿಹಾಸ ಯಾಕೆ ಕೇಳ್ತಾನೆ ಇವನು ಅಂತ. ಆದ್ರೆ ಉತ್ತರ ಇರೋದು ಆ ಇತಿಹಾಸದಲ್ಲೇ, ಯಾಕಂದ್ರೆ ಎಷ್ಟೋ ಕೇಸಲ್ಲಿ ಕಳೆದಿರೋದು ಕೀ ಮಾತ್ರ, ಲೈಸೆನ್ಸ್ ಎಲ್ಲೂ ಹೋಗಿರಲ್ಲ, ಮಷೀನ್ ಒಳಗೋ ಮೈಕ್ರೋಸಾಫ್ಟ್ ಸರ್ವರ್‌ನಲ್ಲೋ ಇದ್ದಲ್ಲೇ ಇರತ್ತೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರಾಡಕ್ಟ್ ಐಡಿ ಅಂತ ಒಂದು ಉದ್ದ ನಂಬರ್ ಕಾಣತ್ತೆ, ಮಧ್ಯೆ ಮಧ್ಯೆ ಗೆರೆ ಇರತ್ತೆ, ನೋಡೋಕೆ ಕೀ ಥರಾನೇ. ತುಂಬಾ ಜನ ಅದನ್ನ ಬರೆದಿಟ್ಕೊಂಡು "ನನ್ ಹತ್ರ ಕೀ ಇದೆ" ಅಂತ ಧೈರ್ಯವಾಗಿರ್ತಾರೆ. ಅದು ಕೀ ಅಲ್ಲ, ಅದರಿಂದ ಏನೂ ಆಕ್ಟಿವೇಟ್ ಆಗಲ್ಲ. ನಿಜವಾದ ಪ್ರಾಡಕ್ಟ್ ಕೀ ಅಂದ್ರೆ 25 ಅಕ್ಷರ, ಐದೈದರ ಐದು ಗುಂಪು. ಇನ್ನು ಲೈಸೆನ್ಸ್ ಅನ್ನೋದು ಇವೆರಡೂ ಅಲ್ಲ, ಅದು ನಿಮಗೆ ಈ ಸಾಫ್ಟ್‌ವೇರ್ ಬಳಸೋಕೆ ಇರೋ ಹಕ್ಕು, ಕೀ ಆ ಹಕ್ಕನ್ನ ತೋರಿಸೋ ಒಂದು ದಾರಿ. ಈಗಿನ ಕಾಲದಲ್ಲಿ ಕೀ ಇಲ್ದೇನೂ ಆ ಹಕ್ಕು ತೋರಿಸಬಹುದು.

ಮೊದ್ಲು ಹಿಂಗಿರ್ಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಈ ಆಕ್ಟಿವೇಶನ್ ತಾಪತ್ರಯ ಮನೆ ಕಂಪ್ಯೂಟರ್‌ಗೆ ಬಂತು, 30 ದಿನ ಗಡುವು, ಅಷ್ಟರೊಳಗೆ ಆಕ್ಟಿವೇಟ್ ಮಾಡಿಲ್ಲಾಂದ್ರೆ ಲಾಗಿನ್ ಆಗೋಕೇ ಬಿಡ್ತಿರ್ಲಿಲ್ಲ. ವಿಸ್ಟಾದಲ್ಲೂ ಶುರುವಿಗೆ ಹಂಗೇ ಕಟ್ಟುನಿಟ್ಟು, ಆಮೇಲೆ ಸರ್ವಿಸ್ ಪ್ಯಾಕ್ 1ರಲ್ಲಿ ಸಡಿಲ ಮಾಡಿದ್ರು. ವಿಂಡೋಸ್ 7 ಅಂದ್ರೆ ಆ ಕಪ್ಪು ಬ್ಯಾಕ್‌ಗ್ರೌಂಡು, ಕೆಳಗೆ "ಈ ಕಾಪಿ ಜೆನ್ಯೂನ್ ಅಲ್ಲ" ಅನ್ನೋ ಸಾಲು, ನೆನಪಿರ್ಬೇಕು ಎಲ್ರಿಗೂ. ಈಗಿನ 10, 11 ಎಷ್ಟೋ ಮೆತ್ತಗೆ. ಆಕ್ಟಿವೇಟ್ ಆಗದೇ ಇದ್ರೂ ಕಂಪ್ಯೂಟರ್ ಓಡತ್ತೆ, ನಿಮ್ಮ ಫೈಲ್ ಎಲ್ಲಾ ತೆಗೀಬಹುದು, ಇಂಟರ್ನೆಟ್ ಬರತ್ತೆ, 11 ಆದ್ರೆ ಸೆಕ್ಯೂರಿಟಿ ಅಪ್‌ಡೇಟೂ ಬರತ್ತೆ, 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್‌ಗೇ ನಿಂತಿದೆ. ಬಲಗಡೆ ಕೆಳಗಿನ ಮೂಲೇಲಿ ವಾಟರ್‌ಮಾರ್ಕ್ ಕೂತಿರತ್ತೆ, ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್ ಬಣ್ಣ ಥೀಮ್ ಬದಲಾಯಿಸೋಕೆ ಬಿಡಲ್ಲ, ಅಷ್ಟೆ. ಹಂಗಾಗಿ ಗಾಬರಿಯಲ್ಲಿ ರಾತ್ರೋರಾತ್ರಿ ಎಲ್ಲೋ ಸಿಕ್ಕಿದ ಟೂಲ್ ಡೌನ್‌ಲೋಡ್ ಮಾಡೋ ಅಗತ್ಯ ಖಂಡಿತಾ ಇಲ್ಲ. ನಿಧಾನಕ್ಕೆ ನೋಡೋಣ.

ಕಂಪ್ಯೂಟರ್ ಇನ್ನೂ ಆನ್ ಆಗ್ತಿದೆ, ಹಳೇ ವಿಂಡೋಸ್ ಹಂಗೇ ಇದೆ ಅಂದ್ರೆ ಮೊದಲ ಕೆಲಸ ಇದು. ಕಮಾಂಡ್ ಪ್ರಾಂಪ್ಟ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿ, ತೆಗೆದು ಇಂಗ್ಲಿಷಲ್ಲಿ ಎಸ್ ಎಲ್ ಎಂ ಜಿ ಆರ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ವಾಲಿದ ಸ್ಲ್ಯಾಶ್ ಹಾಕಿ, ಡಿ ಎಲ್ ಐ ಅಂತ ಸೇರಿಸಿ ಎಂಟರ್ ಒತ್ತಿ. ಒಂದು ಸಣ್ಣ ಬಾಕ್ಸ್ ಬರತ್ತೆ. ಅದರಲ್ಲಿ ಚಾನೆಲ್ ಅನ್ನೋ ಪದದ ಹಿಂದೆ ಏನಿದೆ ನೋಡ್ಕೊಳ್ಳಿ. ರಿಟೇಲ್ ಅಂತಿದ್ರೆ ಅಂಗಡಿಯಲ್ಲೋ ಆನ್‌ಲೈನಲ್ಲೋ ಬೇರೆಯಾಗಿ ತಗೊಂಡಿದ್ದು ಅಥವಾ ಅಪ್‌ಗ್ರೇಡ್ ಆಗಿ ಬಂದಿದ್ದು. ಓಇಎಂ ಡಿಎಂ ಅಂತಿದ್ರೆ ಲ್ಯಾಪ್‌ಟಾಪ್ ಕಂಪನಿಯೇ ಮದರ್‌ಬೋರ್ಡ್ (ಮಷೀನ್‌ನ ಮುಖ್ಯ ಸರ್ಕ್ಯೂಟ್ ಬೋರ್ಡ್) ಒಳಗೆ ಕೀ ಬರೆದು ಕಳಿಸಿದೆ. ವಾಲ್ಯೂಮ್ ಅಂತಿದ್ರೆ ಯಾವ್ದೋ ಸಂಸ್ಥೆಯ ಲೈಸೆನ್ಸು, ಅದರ ಕಥೆ ಕೆಳಗೆ ಹೇಳ್ತೀನಿ. ಇದೇ ಕಮಾಂಡಲ್ಲಿ ಕೊನೇ ಮೂರಕ್ಷರದ ಬದಲು ಎಕ್ಸ್ ಪಿ ಆರ್ ಅಂತ ಕೊಟ್ರೆ ಆಕ್ಟಿವೇಶನ್ ಶಾಶ್ವತಾನಾ ಇಲ್ಲಾ ಇಂಥ ತಾರೀಕಿಗೆ ಮುಗಿಯತ್ತಾ ಅಂತ ಒಂದೇ ಸಾಲಲ್ಲಿ ಹೇಳತ್ತೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋರು ದುಡ್ಡು ಕೊಡೋಕ್ ಮುಂಚೆ ಇದೊಂದು ಕಮಾಂಡ್ ಹೊಡೆದು ನೋಡಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಯಾರೂ ಮಾಡಲ್ಲ.

ಈಗ ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ವಿಷಯಕ್ಕೆ ಬರೋಣ, ಇದೇ ಎಲ್ಲಕ್ಕಿಂತ ಸುಲಭ. 2012ರಲ್ಲಿ ವಿಂಡೋಸ್ 8 ಬಂದಾಗಿಂದ ಕಂಪನಿಗಳು ಕೀನ ಸ್ಟಿಕರ್ ಮೇಲೆ ಪ್ರಿಂಟ್ ಮಾಡೋದು ಬಿಟ್ವು, ಮದರ್‌ಬೋರ್ಡ್‌ನ ಫರ್ಮ್‌ವೇರ್, ಅಂದ್ರೆ ಬೋರ್ಡಲ್ಲೇ ಕೂತಿರೋ ಸಾಫ್ಟ್‌ವೇರ್ ಒಳಗೆ ಎಂಎಸ್‌ಡಿಎಂ ಅನ್ನೋ ಒಂದು ಟೇಬಲ್‌ನಲ್ಲಿ ಬರೆದಿಡೋಕೆ ಶುರು ಮಾಡಿದ್ವು. ಅಡಿಯಲ್ಲಿ ಸ್ಟಿಕರ್ ಇದ್ರೂ ಅದರಲ್ಲಿ ಕೀ ಇರಲ್ಲ. ಅದಕ್ಕೇ ಲ್ಯಾಪ್‌ಟಾಪ್ ತಿರುಗಿಸಿ ತಿರುಗಿಸಿ ನೋಡಿ ಏನೂ ಕಾಣಿಸ್ದೇ "ನಂಗೆ ಮೋಸ ಆಯ್ತು" ಅಂತಾರೆ ಜನ. ಮೋಸ ಏನಿಲ್ಲ, ಹಾರ್ಡ್ ಡಿಸ್ಕ್ ಪೂರ್ತಿ ಸುಟ್ಟುಹೋದ್ರೂ, ಹೊಸ ಎಸ್‌ಎಸ್‌ಡಿ ಹಾಕಿದ್ರೂ ಆ ಕೀ ಬೋರ್ಡಲ್ಲೇ ಭದ್ರವಾಗಿರತ್ತೆ. ಹೊಸದಾಗಿ ವಿಂಡೋಸ್ ಹಾಕುವಾಗ ಸೆಟಪ್ಪೇ ಅದನ್ನ ಓದ್ಕೊಂಡು, ಹೋಮಾ ಪ್ರೋನಾ ಯಾವ ಎಡಿಷನ್ ಅಂತ ಕೇಳೋಕೂ ಹೋಗ್ದೆ ತಾನೇ ಆಯ್ಕೆ ಮಾಡ್ಕೊಳ್ಳತ್ತೆ, ಇಂಟರ್ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಗತ್ತೆ. ಕಣ್ಣಾರೆ ನೋಡ್ಲೇಬೇಕು ಅಂದ್ರೆ ಪವರ್‌ಶೆಲ್ ಅನ್ನೋ ಇನ್ನೊಂದು ಕಮಾಂಡ್ ಕಿಟಕಿಯಲ್ಲಿ ಸಾಫ್ಟ್‌ವೇರ್ ಲೈಸೆನ್ಸಿಂಗ್ ಸರ್ವಿಸ್ ಅನ್ನೋ ಕ್ಲಾಸ್ ಕರೆದು ಅದರ ಓಎ3ಎಕ್ಸ್ ಒರಿಜಿನಲ್ ಪ್ರಾಡಕ್ಟ್ ಕೀ ಅನ್ನೋ ಫೀಲ್ಡ್ ಪ್ರಿಂಟ್ ಮಾಡಿಸಿದ್ರೆ 25 ಅಕ್ಷರಾನೂ ತೋರಿಸತ್ತೆ. ಹಳೇ ವಿಡಿಯೋಗಳಲ್ಲಿ ಇದೇ ಕೆಲ್ಸಕ್ಕೆ ಡಬ್ಲ್ಯೂಎಂಐಸಿ ಕಮಾಂಡ್ ಹೇಳಿರ್ತಾರೆ, ಹೊಸ ವಿಂಡೋಸ್ 11 ವರ್ಷನ್‌ಗಳಲ್ಲಿ ಅದು ಡೀಫಾಲ್ಟ್ ಆಗಿ ಇರಲ್ಲ, ಎರರ್ ಬಂದ್ರೆ ತಲೆ ಕೆಡಿಸ್ಕೋಬೇಡಿ.

ಹಂಗಾದ್ರೆ ಲ್ಯಾಪ್‌ಟಾಪ್‌ನೋರಿಗೆ ತೊಂದರೆ ಯಾಕೆ ಬರತ್ತೆ ಅಂದ್ರೆ, ಬಹುತೇಕ ಸಲ ಎಡಿಷನ್ ಬೇರೆ ಆಗಿರತ್ತೆ. ಬೋರ್ಡಲ್ಲಿರೋದು ಹೋಮ್ ಕೀ, ಯಾರೋ ಫಾರ್ಮ್ಯಾಟ್ ಮಾಡ್ಕೊಡ್ತೀನಿ ಅಂತ ಬಂದೋರು ಪ್ರೋ ಹಾಕಿ ಹೋಗಿರ್ತಾರೆ, "ಪ್ರೋ ಚೆನ್ನಾಗಿರತ್ತೆ ಸರ್" ಅಂತ. ಹೋಮ್ ಲೈಸೆನ್ಸಲ್ಲಿ ಪ್ರೋ ಆಕ್ಟಿವೇಟ್ ಆಗಲ್ಲ, ಎಷ್ಟು ಸಲ ಟ್ರಬಲ್‌ಶೂಟ್ ಒತ್ತಿದ್ರೂ ಅಷ್ಟೆ. ಇದಕ್ಕೆ ಮದ್ದು ಕೀ ಹುಡುಕೋದಲ್ಲ, ಡೇಟಾ ಬ್ಯಾಕಪ್ ತಗೊಂಡು ಸರಿಯಾದ ಎಡಿಷನ್ ಮತ್ತೆ ಹಾಕೋದು.

ವಿಂಡೋಸ್ 7 ಕಾಲದ ಮಷೀನ್ ಆದ್ರೆ ಸ್ಟಿಕರ್ ಇರತ್ತೆ, ಲ್ಯಾಪ್‌ಟಾಪ್ ಅಡಿಯಲ್ಲಿ ಇಲ್ಲಾ ಬ್ಯಾಟರಿ ತೆಗೆದ್ರೆ ಅದರ ಗೂಡಲ್ಲಿ, ಡೆಸ್ಕ್‌ಟಾಪ್ ಆದ್ರೆ ಕ್ಯಾಬಿನೆಟ್ ಪಕ್ಕದಲ್ಲಿ. ಅಕ್ಷರ ಅಳಿಸಿಹೋಗಿರತ್ತೆ, ಅದು ಬೇರೆ ಮಾತು. ಇಲ್ಲೊಂದು ಉಪಯೋಗದ ವಿಷಯ ಇದೆ. ಆಗಿನ ಕೀಗಳಲ್ಲಿ ಬಳಸ್ತಿದ್ದಿದ್ದು 24 ಗುರುತು ಮಾತ್ರ, ಒಂದಕ್ಕೊಂದು ಗಲಿಬಿಲಿ ಆಗೋವನ್ನ ಬೇಕಂತಲೇ ಬಿಟ್ಟಿದ್ದಾರೆ. ಸೊನ್ನೆ ಇಲ್ಲ, ಒಂದು ಇಲ್ಲ, ಐದು ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಎ, ಇ, ಐ, ಓ, ಯು ಐದೂ ಇಲ್ಲ, ಎಲ್, ಎಸ್, ಝಡ್ ಕೂಡ ಇಲ್ಲ, ಎನ್ ಅನ್ನೋದು ವಿಂಡೋಸ್ 8ರಿಂದ ಮಾತ್ರ ಸೇರ್ಕೊಂಡಿದ್ದು. ಹಂಗಾಗಿ ಮಸುಕಾದ ಸ್ಟಿಕರ್‌ನಲ್ಲಿ ಸೊನ್ನೆ ಥರ ಕಾಣೋದು ಸೊನ್ನೆ ಆಗಿರೋಕೆ ಸಾಧ್ಯಾನೇ ಇಲ್ಲ, ಡಿ ಅಥವಾ ಕ್ಯೂ ಆಗಿರ್ಬೇಕು, ಐದರ ಥರ ಕಾಣೋದು ಬಹುಶಃ ಆರು. 8 ಅಂಕಿನೋ ಬಿನೋ, ಜಿನೋ 6 ಅಂಕಿನೋ, ವಿನೋ ವೈನೋ ಅನ್ನೋ ಕಡೆ ಮಾತ್ರ ಅನುಮಾನ ಉಳಿಯತ್ತೆ. ಟಾರ್ಚ್‌ನ ಓರೆಯಾಗಿ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಜಾಸ್ತಿ ಮಾಡಿ ನೋಡಿ, ಎರಡೋ ಮೂರೋ ಸಾಧ್ಯತೆ ಉಳಿದ್ರೆ ಒಂದೊಂದಾಗಿ ಹಾಕಿ ನೋಡ್ಬಹುದು, ತಪ್ಪು ಕೀ ಆದ್ರೆ ಅಲ್ಲೇ ಸರಿ ಇಲ್ಲ ಅಂತ ಹೇಳತ್ತೆ, ಮಷೀನ್‌ಗೇನೂ ಆಗಲ್ಲ.

ಅಷ್ಟು ಕಷ್ಟಪಟ್ಟು ಸ್ಟಿಕರ್ ಓದಿದ ಮೇಲೂ ಅದು ಎಷ್ಟು ಕೆಲ್ಸಕ್ಕೆ ಬರತ್ತೆ ಅನ್ನೋದು ಈಗ ಬೇರೆ ಲೆಕ್ಕ. 2015ರ ಜುಲೈ 29ಕ್ಕೆ ವಿಂಡೋಸ್ 10 ಬಂದಾಗ ಒಂದು ವರ್ಷ ಫ್ರೀ ಅಪ್‌ಗ್ರೇಡ್ ಅಂದ್ರು, ವರ್ಷ ಮುಗಿದ ಮೇಲೂ 7 ಮತ್ತು 8ರ ಕೀ ಕೊಟ್ರೆ 10 ಆಕ್ಟಿವೇಟ್ ಆಗ್ತಾನೇ ಇತ್ತು, ಎಲ್ರಿಗೂ ಗೊತ್ತಿತ್ತು, ಯಾರೂ ಜೋರಾಗಿ ಹೇಳ್ತಿರ್ಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿದೀವಿ ಅಂತ ಮೈಕ್ರೋಸಾಫ್ಟ್ ಹೇಳಿಬಿಡ್ತು. ಹಂಗಂತ ಆಗಲೇ ಅಪ್‌ಗ್ರೇಡ್ ಆಗಿ ಲೈಸೆನ್ಸ್ ಪಡೆದಿರೋ ಮಷೀನ್‌ಗೆ ಇದರಿಂದ ತೊಂದರೆ ಇಲ್ಲ, ಅದೇ ಬೋರ್ಡ್ ಇರೋ ತನಕ ಎಷ್ಟು ಸಲ ಫಾರ್ಮ್ಯಾಟ್ ಮಾಡಿದ್ರೂ ಮತ್ತೆ ಆಕ್ಟಿವೇಟ್ ಆಗತ್ತೆ.

ಅದಕ್ಕೆ ಕಾರಣ ಡಿಜಿಟಲ್ ಲೈಸೆನ್ಸ್. ವಿಂಡೋಸ್ ಅಪ್‌ಗ್ರೇಡ್ ಆದಾಗ ಮಷೀನ್‌ನ ಹಾರ್ಡ್‌ವೇರ್‌ನಿಂದ ಒಂದು ಗುರುತು ಮಾಡ್ಕೊಂಡು ಸರ್ವರ್‌ಗೆ ಕಳಿಸತ್ತೆ, ಅಲ್ಲಿ "ಈ ಮಷೀನ್‌ಗೆ ಇಂಥ ಎಡಿಷನ್ ಲೈಸೆನ್ಸ್ ಇದೆ" ಅಂತ ಎಂಟ್ರಿ ಆಗತ್ತೆ. ಆಮೇಲೆ ನೀವು ಹೊಸದಾಗಿ ಹಾಕ್ಕೊಂಡಾಗ ಕೀ ಕೇಳಿದ ಕಡೆ "ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ" ಅನ್ನೋದನ್ನ ಒತ್ತಿ ಮುಂದೆ ಹೋಗಿ, ಮುಂಚೆ ಇದ್ದ ಎಡಿಷನ್ನನ್ನೇ ಆರಿಸ್ಕೊಳ್ಳಿ, ನೆಟ್ ಕನೆಕ್ಟ್ ಮಾಡಿ, ಮುಗೀತು. ಮದುವೆ ಮನೆ ಬಾಗಿಲಲ್ಲಿ ನಿಂತೋರಿಗೆ ಮುಖ ಗೊತ್ತಿದ್ರೆ ಕರೆಯೋಲೆ ಕೇಳ್ತಾರಾ, ಹಂಗೆ ಇದು.

ಇಲ್ಲೇ ಒಂದು ದೊಡ್ಡ ಬಲೆ ಇರೋದು, ಇದನ್ನ ಯಾರೂ ಸರಿಯಾಗಿ ಹೇಳಲ್ಲ ಅಂತಲೇ ಈ ಪೋಸ್ಟ್ ಬರೀತಿರೋದು. ಕೀ ಕಳೆದೋಗಿದೆ ಅಂತ ಹುಡುಕಿದ್ರೆ ಎಲ್ರೂ ಹೇಳೋದು ಕೀ ಫೈಂಡರ್ ಟೂಲ್ ಹಾಕಿ ಅಂತ. ಪ್ರಾಡ್ಯುಕೀ, ಶೋಕೀಪ್ಲಸ್ ಥರದ್ದು. ಹಾಕ್ತೀರ, 25 ಅಕ್ಷರ ಬರತ್ತೆ, ಖುಷಿಯಾಗಿ ಬರೆದಿಟ್ಕೊಂಡು ಫಾರ್ಮ್ಯಾಟ್ ಮಾಡ್ತೀರ. ಡಿಜಿಟಲ್ ಲೈಸೆನ್ಸ್ ಮೇಲೆ ಓಡ್ತಿರೋ ಮಷೀನಲ್ಲಿ ಆ ಟೂಲ್ ತೋರಿಸಿದ್ದು ನಿಮ್ಮ ಕೀ ಅಲ್ಲವೇ ಅಲ್ಲ, ಅದು ಮೈಕ್ರೋಸಾಫ್ಟ್ ಎಲ್ಲಾ ಮಷೀನ್‌ಗೂ ಹಾಕೋ ಜೆನೆರಿಕ್ ಕೀ. ಹೋಮ್ ಆದ್ರೆ ಅದರ ಕೊನೇ ಐದಕ್ಷರ 8ಎಚ್‌ವಿಎಕ್ಸ್7, ಪ್ರೋ ಆದ್ರೆ 3ವಿ66ಟಿ. ನಿಮ್ಮ ಮಷೀನಲ್ಲೂ ಅದೇ, ನನ್ನ ಮಷೀನಲ್ಲೂ ಅದೇ. ಅದು ಎಡಿಷನ್ ಯಾವುದು ಅಂತ ಹೇಳತ್ತೆ ಅಷ್ಟೆ, ಲೈಸೆನ್ಸ್ ಇಲ್ಲದ ಬೇರೆ ಮಷೀನ್‌ಗೆ ಹಾಕಿದ್ರೆ ಆಕ್ಟಿವೇಟ್ ಆಗಲ್ಲ. ಅದನ್ನ ಡೈರಿಯಲ್ಲಿ ಬರೆದು ಲಾಕರಲ್ಲಿ ಇಟ್ಟೋರನ್ನೂ ನೋಡಿದೀನಿ ನಾನು. ಹಂಗಾಗಿ ಟೂಲ್ ಏನಾದ್ರೂ ತೋರಿಸಿದ್ರೆ ಕೊನೇ ಐದಕ್ಷರ ಮೊದ್ಲು ನೋಡಿ. ಇವೆರಡರಲ್ಲಿ ಒಂದಾದ್ರೆ ಒಂಥರಾ ಸಂತೋಷದ ಸುದ್ದೀನೇ, ನೀವು ಕೀ ಹುಡುಕೋ ಅಗತ್ಯಾನೇ ಇಲ್ಲ, ಆದ್ರೆ ಅದು ಮದರ್‌ಬೋರ್ಡ್ ಬದಲಾಗೋ ತನಕ.

ಮದರ್‌ಬೋರ್ಡ್ ಬದಲಾದ್ರೆ ಆ ಗುರುತೇ ಬದಲಾಗತ್ತೆ. ರ‍್ಯಾಮ್ ಹಾಕಿದ್ರೆ, ಎಸ್‌ಎಸ್‌ಡಿ ಬದಲಾಯಿಸಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಬೋರ್ಡ್ ಬದಲಾದ್ರೆ ಮಾತ್ರ ವಿಂಡೋಸ್ ಇದನ್ನ ಹೊಸ ಕಂಪ್ಯೂಟರ್ ಅಂತಲೇ ಲೆಕ್ಕ ಹಾಕತ್ತೆ, 0ಎಕ್ಸ್‌ಸಿ004ಎಫ್211 ಅನ್ನೋ ಕೋಡ್ ತೋರಿಸತ್ತೆ.

ಗೆಳೆಯನೊಬ್ಬನ ಡೆಸ್ಕ್‌ಟಾಪ್‌ಗೆ ಆಗಿದ್ದು ಇದೇ. ವಿಂಡೋಸ್ 7 ಪ್ರೊಫೆಷನಲ್ ಡಬ್ಬ ಸಮೇತ ತಗೊಂಡಿದ್ದ, ಆಮೇಲೆ 10 ಪ್ರೋ ಆಗಿತ್ತು, ಡಬ್ಬ ಮನೆ ಬದಲಾಯಿಸೋವಾಗ ಯಾವ ರದ್ದಿ ಜೊತೆ ಹೋಯ್ತೋ ಗೊತ್ತಿಲ್ಲ. ಬೋರ್ಡ್ ಸತ್ತು ಹೊಸದು ಹಾಕ್ಸಿದ ಮೇಲೆ ವಾಟರ್‌ಮಾರ್ಕ್ ಬಂತು. "ಲೋ, ದುಡ್ಡು ಕೊಟ್ಟು ತಗೊಂಡಿದ್ದು ಕಣೋ, ನನ್ನೇ ಕಳ್ಳ ಅಂತಿದೆ ಇದು" ಅಂತ ಶುರು ಮಾಡಿದ. ಸಮಾಧಾನ ಮಾಡಿ ಕೇಳಿದೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಯಾವಾಗಾದ್ರೂ ಆ ಕಂಪ್ಯೂಟರ್‌ಗೆ ಲಾಗಿನ್ ಆಗಿದ್ಯಾ ಅಂತ. ಇಲ್ಲ, ಬರೀ ಲೋಕಲ್ ಅಕೌಂಟು ಅಂದ. ಇದು ಕೇಳಿ ನಂಗೂ ಸ್ವಲ್ಪ ಆಸೆ ಕಮ್ಮಿ ಆಯ್ತು, ಯಾಕಂದ್ರೆ 2016ರಲ್ಲಿ ಬಂದ ಆನಿವರ್ಸರಿ ಅಪ್‌ಡೇಟಿಂದ ಡಿಜಿಟಲ್ ಲೈಸೆನ್ಸ್‌ನ ಅಕೌಂಟ್‌ಗೆ ಜೋಡಿಸೋ ವ್ಯವಸ್ಥೆ ಇದೆ ನಿಜ, ಆದ್ರೆ ಹಾರ್ಡ್‌ವೇರ್ ಬದಲಾಗೋಕ್ ಮುಂಚೆ ಜೋಡಿಸಿರ್ಬೇಕು, ಬೋರ್ಡ್ ಸತ್ತ ಮೇಲೆ ಜೋಡಿಸ್ತೀನಿ ಅಂದ್ರೆ ಆಗಲ್ಲ.

ಆಮೇಲೆ ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಅವನ ಹೆಂಡತಿ ಒಂದಷ್ಟು ದಿನ ಅದೇ ಕಂಪ್ಯೂಟರಲ್ಲಿ ಆಫೀಸ್ ಕೆಲ್ಸ ಮಾಡ್ತಿದ್ರು, ಅವರ ಹೆಸರಲ್ಲಿ ಬೇರೆ ಯೂಸರ್ ಇತ್ತು, ಅದು ಅಡ್ಮಿನಿಸ್ಟ್ರೇಟರ್ ಆಗಿತ್ತು, ಅದಕ್ಕೆ ಮೈಕ್ರೋಸಾಫ್ಟ್ ಅಕೌಂಟೇ ಹಾಕಿದ್ರು. ಅಲ್ಲಿಗೆ ಜೀವ ಬಂತು. ಅಡ್ಮಿನ್ ಯೂಸರ್ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ್ರೆ ಲೈಸೆನ್ಸ್ ಆ ಅಕೌಂಟ್‌ಗೆ ತಾನಾಗೇ ಜೋಡಣೆ ಆಗತ್ತೆ, ಅವನ ಲೈಸೆನ್ಸ್ ಅವನಿಗೇ ಗೊತ್ತಿಲ್ದಂಗೆ ಹೆಂಡತಿ ಅಕೌಂಟಲ್ಲಿ ಕೂತಿತ್ತು. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಪುಟಕ್ಕೆ ಹೋಗಿ, ವಿಂಡೋಸ್ 10 ಆದ್ರೆ ಅದು ಅಪ್‌ಡೇಟ್ ಆಂಡ್ ಸೆಕ್ಯೂರಿಟಿ ಒಳಗಿರತ್ತೆ, 11 ಆದ್ರೆ ಸಿಸ್ಟಮ್ ಒಳಗೆ, ಅಲ್ಲಿ ಟ್ರಬಲ್‌ಶೂಟ್ ಒತ್ತಿದ್ವಿ. ಅದು ಒಂದ್ ಸುತ್ತು ತಿರುಗಿ ಆಗಲ್ಲ ಅಂತು. ಆಗಲ್ಲ ಅಂದ ಪುಟದಲ್ಲೇ ಕೆಳಗೆ ಸಣ್ಣದಾಗಿ ಒಂದು ಲಿಂಕ್ ಇರತ್ತೆ, "ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ" ಅಂತ, ತುಂಬಾ ಜನ ಅದನ್ನ ನೋಡದೇ ಕ್ಲೋಸ್ ಮಾಡಿಬಿಡ್ತಾರೆ. ಅದನ್ನ ಒತ್ತಿ ಅವರ ಅಕೌಂಟ್, ಪಾಸ್‌ವರ್ಡ್ ಕೊಟ್ಟಾಗ ಡಿವೈಸ್‌ಗಳ ಪಟ್ಟಿ ಬಂತು.

ಪಟ್ಟಿಯಲ್ಲಿ ಎಲ್ಲಾ ಹೆಸರೂ ಡೆಸ್ಕ್‌ಟಾಪ್ ಅಂತ ಶುರುವಾಗಿ ಆಮೇಲೆ ಅರ್ಥ ಇಲ್ಲದ ಅಕ್ಷರ! ವಿಂಡೋಸ್ ತಾನಾಗೇ ಇಡೋ ಹೆಸರುಗಳು ಹಂಗೇ ಇರ್ತವೆ, ಯಾವ್ದು ಹಳೇದು ಯಾವ್ದು ಬೇರೆ ಅಂತ ದೇವ್ರಿಗೇ ಗೊತ್ತು. ಅದೃಷ್ಟಕ್ಕೆ ಇವನ ರೂಟರ್‌ನ ಪಟ್ಟಿಯಲ್ಲಿ ಹಳೇ ಹೆಸರು ಇನ್ನೂ ಉಳ್ಕೊಂಡಿತ್ತು, ಅದನ್ನ ನೋಡಿ ಹೊಂದಿಸಿ, "ದಿಸ್ ಈಸ್ ದ ಡಿವೈಸ್ ಐ ಆಮ್ ಯೂಸಿಂಗ್ ರೈಟ್ ನೌ" ಅನ್ನೋ ಕಡೆ ಟಿಕ್ ಹಾಕಿ ಆಕ್ಟಿವೇಟ್ ಕೊಟ್ವಿ, ಆಯ್ತು. ನಿಮ್ಮ ಕಂಪ್ಯೂಟರ್‌ಗೆ ಇವತ್ತೇ ಒಂದು ಗುರುತು ಸಿಗೋ ಹೆಸರು ಇಟ್ಟುಬಿಡಿ, ರೀನೇಮ್ ದಿಸ್ ಪಿಸಿ ಅಂತ ಸೆಟ್ಟಿಂಗ್ಸಲ್ಲೇ ಇದೆ. ಹಂಗೇ ಆಕ್ಟಿವೇಶನ್ ಪುಟ ಒಮ್ಮೆ ತೆಗೆದು ನೋಡಿ, ಬರೀ "ಡಿಜಿಟಲ್ ಲೈಸೆನ್ಸ್" ಅಂತಿದ್ರೆ ಅಕೌಂಟ್‌ಗೆ ಜೋಡಣೆ ಆಗಿಲ್ಲ, "ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್" ಅಂತ ಬಾಲ ಇದ್ರೆ ಆಗಿದೆ.

ಗೆಳೆಯಂದು ನಡೀತು ಅಂದ್ರೆ ಅವನ ಮೂಲ ಲೈಸೆನ್ಸ್ ರಿಟೇಲ್ ಆಗಿದ್ದಕ್ಕೆ. ರಿಟೇಲ್ ಆದ್ರೆ ಒಂದು ಮಷೀನಿಂದ ಇನ್ನೊಂದಕ್ಕೆ ತಗೊಂಡು ಹೋಗ್ಬಹುದು, ಒಂದು ಸಲಕ್ಕೆ ಒಂದೇ ಕಡೆ. ಓಇಎಂ, ಅಂದ್ರೆ ಮಷೀನ್ ಜೊತೆಗೇ ಬಂದ ಲೈಸೆನ್ಸ್ ಹುಟ್ಟಿದ ಬೋರ್ಡ್ ಜೊತೆಗೇ ಸಾಯತ್ತೆ. ಲ್ಯಾಪ್‌ಟಾಪ್ ಬೋರ್ಡ್ ಹೋಗಿ ಕಂಪನಿ ಸರ್ವಿಸ್‌ನಲ್ಲೇ ಬದಲಾಯಿಸ್ತಿದ್ರೆ ವಿಂಡೋಸ್ ಆಕ್ಟಿವೇಟ್ ಆಗಿದ್ಯಾ ಅಂತ ಅವರ ಮುಂದೆಯೇ ಆನ್ ಮಾಡಿ ನೋಡಿ ತಗೊಳ್ಳಿ, ಹೊಸ ಬೋರ್ಡ್‌ಗೆ ಲೈಸೆನ್ಸ್ ಬರೆದುಕೊಡೋದು ಅವರ ಕೈಲಿ ಆಗೋ ಕೆಲ್ಸ, ಹೊರಗಡೆ ರಿಪೇರಿಯೋರ ಕೈಲಿ ಆಗಲ್ಲ.

ರಿಟೇಲ್ ಕೀ ಬಾಕ್ಸ್ ಇಲ್ಲಾಂದ್ರೆ ಮೇಲ್ ಹುಡುಕಿ, ಹಳೇ ಐಡಿಗಳನ್ನೂ ಸೇರಿಸಿ, ಆರ್ಡರ್ ಕನ್ಫರ್ಮೇಶನ್ ಮೇಲಲ್ಲೇ ಎಷ್ಟೋ ಸಲ ಕೀ ಇರತ್ತೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸ್ಟೋರಲ್ಲೇ ತಗೊಂಡಿದ್ರೆ ಅಕೌಂಟ್‌ನ ಆರ್ಡರ್ ಹಿಸ್ಟರಿಯಲ್ಲಿ ಸಿಗತ್ತೆ, ಬೇರೆ ಕಡೆ ತಗೊಂಡಿದ್ದರ ಲೆಕ್ಕ ಅವರ ಹತ್ರ ಇರಲ್ಲ, ಸಪೋರ್ಟ್‌ಗೆ ಫೋನ್ ಮಾಡಿ ನನ್ನ ಕೀ ಹೇಳಿ ಅಂದ್ರೆ ಪ್ರಯೋಜನ ಇಲ್ಲ. ಹಳೇ ಹಾರ್ಡ್ ಡಿಸ್ಕ್ ಇನ್ನೂ ಓದೋ ಸ್ಥಿತಿಯಲ್ಲಿದ್ರೆ ಬೇರೆ ಕಂಪ್ಯೂಟರ್‌ಗೆ ಚುಚ್ಚಿ, ಪ್ರಾಡ್ಯುಕೀಗೆ ಆ ಡಿಸ್ಕ್‌ನ ವಿಂಡೋಸ್ ಫೋಲ್ಡರ್ ತೋರಿಸಿದ್ರೆ ಅಲ್ಲಿನ ರಿಜಿಸ್ಟ್ರಿಯಿಂದ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಕೊಳ್ಳೋ ಜಾಗ) ಕೀ ತೆಗೆಯತ್ತೆ. ಆಂಟಿವೈರಸ್ ಇಂಥ ಟೂಲ್ ನೋಡಿ ಕಿರುಚತ್ತೆ, ಅದರ ಕೆಲ್ಸವೇ ಕೀ ಓದೋದಾದ್ರಿಂದ ಅದು ಸಹಜ, ಆದ್ರೆ ತಯಾರಿಸಿದೋರ ಸ್ವಂತ ಸೈಟಿಂದ ಮಾತ್ರ ಇಳಿಸ್ಕೊಳ್ಳಿ.

ಇನ್ನು ವಾಲ್ಯೂಮ್. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು "ಆರು ತಿಂಗಳು ಚೆನ್ನಾಗಿತ್ತು, ಈಗ ಆಕ್ಟಿವೇಶನ್ ಹೋಯ್ತು" ಅನ್ನೋ ದೂರು ಬಂದ್ರೆ ನಾನು ಕಣ್ಣು ಮುಚ್ಕೊಂಡು ಹೇಳ್ತೀನಿ, ಅದು ಕೆಎಂಎಸ್. ಸಂಸ್ಥೆಗಳಲ್ಲಿ ಒಂದೊಂದು ಮಷೀನ್‌ಗೂ ಕೀ ಕೊಡಲ್ಲ, ಒಳಗೊಂದು ಸರ್ವರ್ ಇರತ್ತೆ, ಎಲ್ಲಾ ಮಷೀನೂ ಏಳು ದಿನಕ್ಕೊಮ್ಮೆ ಅದನ್ನ ಮಾತಾಡಿಸ್ತಾ ಇರ್ತವೆ, ಒಂದು ಸಲ ಸಿಕ್ಕ ಆಕ್ಟಿವೇಶನ್ 180 ದಿನ ನಡೆಯತ್ತೆ. ಲ್ಯಾಪ್‌ಟಾಪ್ ಆಫೀಸಿಂದ ಆಚೆ ಬಂದ ಮೇಲೆ ಸರ್ವರ್ ಸಿಗಲ್ಲ, 180 ದಿನ ಮುಗೀತಿದ್ದಂಗೆ ಹೋಗತ್ತೆ, ಸಿ004ಎಫ್074 ಅನ್ನೋ ಎರರ್ ಬರತ್ತೆ. ಅದರ ಕೀ ಹುಡುಕಿ ಏನೂ ಉಪಯೋಗ ಇಲ್ಲ, ಅದು ನಿಮ್ದಲ್ಲ. ಆದ್ರೆ ಇಲ್ಲೊಂದು ಒಳ್ಳೇ ಸುದ್ದಿ, ಆಫೀಸ್ ಲ್ಯಾಪ್‌ಟಾಪ್‌ಗಳು ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ಬೋರ್ಡಲ್ಲಿ ಪ್ರೋ ಕೀ ಇಟ್ಕೊಂಡೇ ಬಂದಿರ್ತವೆ, ಅದರ ಮೇಲೆ ಸಂಸ್ಥೆಯೋರು ಎಂಟರ್‌ಪ್ರೈಸ್ ಎಡಿಷನ್ ಹಾಕಿರ್ತಾರೆ ಅಷ್ಟೆ. ಮೇಲೆ ಹೇಳಿದ ಪವರ್‌ಶೆಲ್ ವಿಧಾನದಲ್ಲಿ ಬೋರ್ಡಲ್ಲಿ ಕೀ ಇದೆ ಅಂತ ಖಾತ್ರಿ ಮಾಡ್ಕೊಂಡು, ಬ್ಯಾಕಪ್ ತಗೊಂಡು ಪ್ರೋ ಹೊಸದಾಗಿ ಹಾಕಿ. ಒಂದು ಪೈಸೆ ಖರ್ಚಿಲ್ಲ.

ಇವೆಲ್ಲ ಬಿಟ್ಟು ಜನ ಓಡೋದು ಎರಡು ಕಡೆ. ಒಂದು ಆಕ್ಟಿವೇಟರ್ ಟೂಲ್. ಅವು ಸುಳ್ಳು ಕೆಎಂಎಸ್ ಸರ್ವರ್‌ನ ನಿಮ್ಮ ಮಷೀನಲ್ಲೇ ಕೂರಿಸ್ತವೆ, ಅದಕ್ಕೆ ಮೊದಲು ಆಂಟಿವೈರಸ್ ಆಫ್ ಮಾಡಿ ಅಂತಾವೆ, ಯಾಕೆ ಅಂತ ಸ್ವಲ್ಪ ಯೋಚ್ನೆ ಮಾಡಿ. ಕೆಎಂಎಸ್‌ಪಿಕೋ ಹೆಸರಲ್ಲಿ ಹರಿದಾಡ್ತಿದ್ದ ಇನ್‌ಸ್ಟಾಲರ್‌ಗಳ ಒಳಗೆ ಕ್ರಿಪ್ಟ್‌ಬಾಟ್ ಅನ್ನೋ ಕಳ್ಳ ಪ್ರೋಗ್ರಾಂ ಇದ್ದಿದ್ದನ್ನ 2021ರಲ್ಲಿ ಸೆಕ್ಯೂರಿಟಿಯೋರು ಹಿಡಿದಿದ್ರು, ಬ್ರೌಸರಲ್ಲಿರೋ ಪಾಸ್‌ವರ್ಡು, ಕ್ರಿಪ್ಟೋ ವ್ಯಾಲೆಟ್ಟು ಎಲ್ಲಾ ಬಾಚ್ಕೊಂಡು ಹೋಗೋದು ಅದರ ಕೆಲ್ಸ. ಇನ್ನೊಂದು, ಚಿಲ್ಲರೆ ಕಾಸಿಗೆ ಸಿಗೋ ಕೀಗಳು. ಅದರಲ್ಲಿ ಸುಮಾರು ಎಲ್ಲೋ ಸಂಸ್ಥೆಯ ವಾಲ್ಯೂಮ್ ಕೀ ಸೋರಿಕೆ ಆಗಿ ಬಂದವು, ಇವತ್ತು ಆಕ್ಟಿವೇಟ್ ಆಗತ್ತೆ, ಮುಂದೊಂದಿನ ಮೈಕ್ರೋಸಾಫ್ಟ್ ಆ ಕೀ ಬ್ಲಾಕ್ ಮಾಡಿದ್ರೆ ಸಿ004ಸಿ003 ಅಂತ ಬರತ್ತೆ, ಮಾರಿದೋನು ಸಿಗಲ್ಲ. ವಾಟರ್‌ಮಾರ್ಕ್ ಇಟ್ಕೊಂಡು ಒಂದಷ್ಟು ದಿನ ಇರೋದೇ ಇದಕ್ಕಿಂತ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಒಂದು ಸಣ್ಣ ವಿಷಯ, ಎಲ್ಲಾ ಸರಿಯಿದ್ದೂ ಆಕ್ಟಿವೇಟ್ ಆಗ್ತಿಲ್ಲ ಅಂದ್ರೆ ಟೈಮ್, ತಾರೀಕು ನೋಡಿ. ಬೋರ್ಡ್ ಮೇಲಿರೋ ಬಿಲ್ಲೆ ಆಕಾರದ ಬ್ಯಾಟರಿ ಸತ್ತಿದ್ರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರತ್ತೆ, ಆಗ ಸರ್ವರ್ ಜೊತೆ ಭದ್ರವಾದ ಕನೆಕ್ಷನ್ನೇ ಆಗಲ್ಲ, ನಾವು ಕೀ ತಪ್ಪು ಅಂತ ಕೂತಿರ್ತೀವಿ.

ಕೊನೇದಾಗಿ ಇನ್ನೊಂದು ಕೀ ವಿಷಯ, ಇದು ಪ್ರಾಡಕ್ಟ್ ಕೀಗಿಂತ ಸಾವಿರ ಪಾಲು ಮುಖ್ಯ, ಜನ ಎರಡನ್ನೂ ಒಂದೇ ಅಂದ್ಕೊಂಡಿರ್ತಾರೆ. ಬೋರ್ಡ್ ಬದಲಾಯಿಸಿದ ಮೇಲೆ ನೀಲಿ ಸ್ಕ್ರೀನ್ ಬಂದು ರಿಕವರಿ ಕೀ ಕೇಳಿದ್ರೆ ಅದು ಬಿಟ್‌ಲಾಕರ್ ಅನ್ನೋ, ಡಿಸ್ಕ್‌ಗೆ ಬೀಗ ಹಾಕೋ ವ್ಯವಸ್ಥೆಯ ಕೀ, 48 ಅಂಕಿ, ಬರೀ ನಂಬರ್, ಅಕ್ಷರ ಇರಲ್ಲ. ಪ್ರಾಡಕ್ಟ್ ಕೀ ಹೋದ್ರೆ ಹೋಗೋದು ವಾಲ್‌ಪೇಪರ್, ಇದು ಹೋದ್ರೆ ಫೋಟೋ, ಫೈಲ್, ಎಲ್ಲಾ ಹೋದಂಗೆ, ಯಾವ ಸರ್ವಿಸ್‌ನೋರೂ ತೆಗೆದುಕೊಡಕ್ಕಾಗಲ್ಲ. ಈಗಿನ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ್ರೆ ಹೋಮ್ ಎಡಿಷನಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಅನ್ನೋ ಹೆಸರಲ್ಲಿ ಇದೇ ಬೀಗ ತಾನಾಗೇ ಆನ್ ಆಗಿರೋ ಸಾಧ್ಯತೆ ಜಾಸ್ತಿ, ನಿಮಗೆ ಗೊತ್ತೇ ಇರಲ್ಲ. ಆಗ ಆ ಕೀ ಅದೇ ಅಕೌಂಟಲ್ಲಿ ಸೇವ್ ಆಗಿರತ್ತೆ, ಮೊಬೈಲಿಂದ ಎಕೆಎ ಡಾಟ್ ಎಂಎಸ್ ಸ್ಲ್ಯಾಶ್ ಮೈರಿಕವರಿಕೀ ಅನ್ನೋ ವಿಳಾಸಕ್ಕೆ ಹೋಗಿ ಲಾಗಿನ್ ಆದ್ರೆ ಕಾಣತ್ತೆ. ಒಂದಕ್ಕಿಂತ ಜಾಸ್ತಿ ಕೀ ಇದ್ರೆ ನೀಲಿ ಸ್ಕ್ರೀನಲ್ಲಿರೋ ಕೀ ಐಡಿಯ ಮೊದಲ ಎಂಟಕ್ಷರ ಹೊಂದಿಸಿ ನೋಡಿ. ಲ್ಯಾಪ್‌ಟಾಪ್ ರಿಪೇರಿಗೆ ಕೊಡೋಕ್ ಮುಂಚೆಯೇ ಅದನ್ನ ಪೇಪರ್ ಮೇಲೆ ಬರ್ಕೊಂಡು ಜೇಬಲ್ಲಿಟ್ಕೊಂಡು ಹೋಗಿ.